ಸೊನ್ನೆ ಬರಬಾರದೆಂದು

ನಮ್ಮ ಊರಿನಲ್ಲಿ ಹನ್ನೆರಡು ವರ್ಷಗಳಿಂದ ಯಾರೂ ಕಂದೂರಿಯಲ್ಲಿ ಬಿಸಿ ಅನ್ನ ಉಂಡಿರಲಿಲ್ಲ. ಮದುವೆಯಿರಲಿ, ಸುನ್ನತಿಯಿರಲಿ, ಸತ್ತವರ ನಲವತ್ತನೇ ದಿನವಿರಲಿ, ಅರಿಸಿನ ಅನ್ನದ ಗೋಪುರ ಹಬೆಯಾಡುತ್ತ ಚಾಪೆಯ ನಡುವೆ ಬಂದು ಕೂರುತ್ತಿತ್ತು. ಅದರ ಹಿಂದೆಯೇ ಪಾಕ್ದೆ ಕರ್ಸಿದಿ ಮೈಕು ಹಿಡಿದು ಏಳುತ್ತಿದ್ದರು. ಅವರು ಊರಿನ ಲುರಾ, ಅಂದರೆ ಮುಖ್ಯಸ್ಥರು. ನನಗೆ ಅಪ್ಪನ ಅಣ್ಣ, ಪಾಕ್ದೆ ಎಂದರೆ ದೊಡ್ಡಪ್ಪ. "ಎರಡೇ ಮಾತು" ಎಂದು ಶುರು ಮಾಡುತ್ತಿದ್ದರು. ಮೊದಲ ಮಾತು ಮುಗಿಯುವಷ್ಟರಲ್ಲಿ ಹಬೆ ನಿಂತಿರುತ್ತಿತ್ತು. ಎರಡನೆಯದು ಮುಗಿಯುವಷ್ಟರಲ್ಲಿ ಕೋಳಿಯ ಮೇಲಿನ ತೆಂಗಿನಹಾಲು ಕೆನೆಗಟ್ಟಿ ಬೆಳ್ಳಗಾಗಿರುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಊರಿನ ಹೆಸರೇ ಕೆಡುಂಗ್‌ಮೆನೆಂಗ್, ಸದ್ದಿಲ್ಲದ ಮಡು. ಹೆಸರಿಗೆ ತಕ್ಕಂತೆ ನಡೆದುಕೊಳ್ಳುವುದರಲ್ಲಿ ಇಡೀ ಜಾವಾದಲ್ಲಿ ನಮ್ಮನ್ನು ಮೀರಿಸಿದವರಿಲ್ಲ.

ಸುಮ್ಮನಿರುವುದಕ್ಕೆ ಕಾರಣವಿತ್ತು. ನಾನು ಹುಟ್ಟುವ ಮೊದಲು ಇಲ್ಲಿ ಒಂದು ನಿಜವಾದ ಚುನಾವಣೆ ನಡೆದಿತ್ತು. ಪಡುವಣ ಕೇರಿಯ ಅಭ್ಯರ್ಥಿಗೆ ಭತ್ತದ ತೆನೆಯ ಗುರುತು, ಮೂಡಣ ಕೇರಿಯವನಿಗೆ ಜೋಳದ ತೆನೆ. ಭತ್ತ ಗೆದ್ದಿತು. ಮಾರನೆಯ ದಿನದಿಂದ ಆರು ವರ್ಷ ಎರಡು ಕೇರಿಗಳ ನಡುವೆ ಮಾತಿಲ್ಲ. ಪಡುವಣದವರು ಕೋಳಿಗಳಿಗೂ ಜೋಳ ಹಾಕಲಿಲ್ಲ. ವಾಲಿಬಾಲ್ ಬಲೆ ಎರಡಾಯಿತು. ಗಮೆಲಾನ್ ಮೇಳದ ವಾದ್ಯಗಳನ್ನೂ ಪಾಲು ಮಾಡಿಕೊಂಡರು: ದೊಡ್ಡ ಜಾಗಟೆ ಪಡುವಣಕ್ಕೆ, ಅದನ್ನು ಬಾರಿಸುವ ಬಟ್ಟೆ ಸುತ್ತಿದ ಕೋಲು ಮೂಡಣಕ್ಕೆ. ಆರು ವರ್ಷ ಊರಿನಲ್ಲಿ ಒಂದೂ ತೊಗಲುಗೊಂಬೆಯಾಟ ನಡೆಯಲಿಲ್ಲ. ಕೊನೆಗೆ ಹಿರಿಯರು ಕೂತು, ಪಡುವಣದ ಹುಡುಗ ಕರ್ಸಿದಿಗೆ ಮೂಡಣದ ಹುಡುಗಿ ತುಮಿರಾಳನ್ನು ತಂದರು. ವಧುವಿನ ಬಾತಿಕ್ ಬಟ್ಟೆಗಳ ಗಂಟಿನಲ್ಲಿ ಜಾಗಟೆಯ ಕೋಲೂ ಬಂತು. ಬೇರೆ ದೇಶಗಳಲ್ಲಿ ಶಾಂತಿ ಒಪ್ಪಂದವನ್ನು ಕಾಗದದ ಮೇಲೆ ಬರೆದು ಕಪಾಟಿನಲ್ಲಿಡುತ್ತಾರೆ. ನಮ್ಮದು ಬೆಳಗ್ಗೆ ಎದ್ದು ಅಂಗಳ ಗುಡಿಸುತ್ತಿತ್ತು.

ಆಮೇಲೆ ಊರು ಚುನಾವಣೆಯ ಸಹವಾಸಕ್ಕೆ ಹೋಗಲಿಲ್ಲ. ಪಾಕ್ದೆ ಎರಡು ಸಲ ಲುರಾ ಆದದ್ದೂ ಎದುರಾಳಿಯಿಲ್ಲದೆ. ಒಬ್ಬರೇ ನಿಂತಾಗ ಎದುರಿಗೆ ಖಾಲಿ ಬಿದಿರ ಕೊಳವೆಯೊಂದನ್ನು ಇಡುವ ಪದ್ಧತಿಯಿತ್ತು. ಬೇಡವೆನ್ನುವವರು ಅದಕ್ಕೆ ಓಟು ಹಾಕಬಹುದು. ಎರಡನೆಯ ಸಲ ಆ ಕೊಳವೆಗೆ ತೊಂಬತ್ತು ಓಟು ಬಿದ್ದವು. ಪಾಕ್ದೆ ಬಹಳ ದಿನ ಕೊರಗಿದರು. "ಅದರಲ್ಲಿ ಅಂಥದ್ದೇನು ಕಂಡ್ರು?" ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದರು. ಅದು ಮಾತಾಡುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ಈ ಸಲ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಕೊಳವೆ ನಡೆಯುವುದಿಲ್ಲ. ಅಭ್ಯರ್ಥಿಗಳು ಕನಿಷ್ಠ ಇಬ್ಬರಿರಬೇಕು, ಇಬ್ಬರೂ ಮನುಷ್ಯರಾಗಿರಬೇಕು.

ನಾನು ಯೋಗ್ಯಕಾರ್ತದಲ್ಲಿ ಓದು ಮುಗಿಸಿ ಬಂದು ಮೂರು ತಿಂಗಳಾಗಿತ್ತು. ಕೆಲಸವಿರಲಿಲ್ಲ. ಅಕ್ಷರ ಚೆನ್ನಾಗಿದೆ ಎಂದು ಚುನಾವಣಾ ಸಮಿತಿಗೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಅಧ್ಯಕ್ಷರು ನಿವೃತ್ತ ಮೇಷ್ಟ್ರು ವಿರ್ಯೊ. ಎಲ್ಲರಿಗೂ ಅಜ್ಜನ ವಯಸ್ಸಿನವರಾದ್ದರಿಂದ ಮ್ಬಾ ವಿರ್ಯೊ. ಪಾಕ್ದೆಯ ಮನೆಯ ಮುಂದಿನ ಚಾವಡಿಯಲ್ಲಿ ಸಭೆ ಸೇರಿತು. ಎರಡು ಕೇರಿಗಳಿಂದಲೂ ಹತ್ತು ಹತ್ತು ಜನ.

"ಯಾರಾದ್ರೂ ಒಬ್ರು ನಿಲ್ಬೇಕಲ್ಲ," ಎಂದರು ಮ್ಬಾ ವಿರ್ಯೊ. "ಗೆಲ್ಬೇಕು ಅಂತಿಲ್ಲ. ನಿಂತ್ರೆ ಸಾಕು."

ಇಪ್ಪತ್ತು ಜನ ಇಪ್ಪತ್ತು ದಿಕ್ಕು ನೋಡಿದರು. ಮೂಡಣದವರು ನಿಂತರೆ ಹಳೆಯ ಜಗಳ ಎದ್ದಿತು ಎನ್ನುತ್ತಾರೆ. ಪಡುವಣದವರು ನಿಂತರೆ ಕೇರಿಯೊಳಗೇ ಒಡಕು. ನನಗೆ ಮೌನಗಳ ಲೆಕ್ಕ ಇಟ್ಟುಕೊಳ್ಳುವ ಅಭ್ಯಾಸವಿದೆ. ಅವತ್ತಿನದು ಎರಡು ಲವಂಗದ ಸಿಗರೇಟು ಸುಟ್ಟು ಮುಗಿಯುವಷ್ಟು ಉದ್ದವಿತ್ತು. ಅಷ್ಟರಲ್ಲಿ ಬುದೆ ತುಮಿರಾ, ನನ್ನ ದೊಡ್ಡಮ್ಮ, ಚಹಾದ ತಟ್ಟೆ ಹಿಡಿದು ಬಂದರು. ಇಪ್ಪತ್ತು ಜನವೂ ತಿರುಗಿ ಅವರನ್ನು ನೋಡಿದರು.

"ತುಮಿರಾ, ನೀನ್ಯಾಕೆ ನಿಲ್ಬಾರ್ದು?" ಎಂದರು ಮ್ಬಾ ವಿರ್ಯೊ. "ಪಡುವಣದ ಸೊಸೆ, ಮೂಡಣದ ಮಗಳು. ಯಾರಿಗೂ ಬೇಜಾರಿಲ್ಲ. ಗಂಡನ ಎದುರು ಹೆಂಡತಿ, ಅಷ್ಟೇ."

"ಅದು ದಿನಾ ಇರೋದೇ ಅಲ್ವಾ," ಎಂದ ಬುದೆಯ ತಮ್ಮ ಪೊನಿರಾನ್ ಮೂಲೆಯಿಂದ.

ಬುದೆ ಲೋಟಗಳನ್ನು ಒಂದೊಂದಾಗಿ ಇಟ್ಟರು. "ಆಯ್ತು," ಎಂದರು. ನಮ್ಮೂರಿನಲ್ಲಿ ಆಯ್ತು ಎಂಬುದಕ್ಕೆ ಆಯ್ತು, ಆಗುವುದಿಲ್ಲ, ನೋಡೋಣ, ನಿಮ್ಮ ಹಣೆಬರಹ, ಎಲ್ಲ ಅರ್ಥಗಳೂ ಇವೆ. ನಾನು ಮೊದಲನೆಯದನ್ನು ಬರೆದುಕೊಂಡೆ.

ಮಾರನೆಯ ದಿನ ಯು ಗಿನೆಮ್‌ಳ ಕಾಫಿ ಅಂಗಡಿಯಲ್ಲಿ ಇದೇ ಮಾತು. ಯು ಗಿನೆಮ್ ಊರಿಗೆಲ್ಲ ಅಕ್ಕ. ಬಾಳೆಹಣ್ಣಿನ ಬೋಂಡ ಕರಿಯುತ್ತ ಲೋಕದ ವಿಚಾರಣೆ ನಡೆಸುವವಳು.

"ಲಿಂತಾಂಗ್, ನೀನು ನಾಲ್ಕು ವರ್ಷ ಅದೇನೋ ಓದಿದ್ಯಲ್ಲ. ಏನು ವಿಷಯ?"

"ಪ್ರಜಾಪ್ರಭುತ್ವ ಇರೋ ಎರಡು ದೇಶಗಳು ಒಂದರ ಮೇಲೊಂದು ಯುದ್ಧಕ್ಕೆ ಹೋಗಲ್ಲ ಅಂತಾರೆ, ಯು. ಅದು ನಿಜಾನಾ ಅಂತ."

"ನಿಜಾನಾ?"

"ಸಾಮಾನ್ಯವಾಗಿ ಹೋಗಲ್ಲ. ಆದ್ರೆ ಓಟು ಇರೋದಕ್ಕೇ ಹೋಗಲ್ವಾ, ಬೇರೆ ಏನಾದ್ರೂ ಕಾರಣ ಇದ್ಯಾ ಅಂತ ಖಚಿತವಾಗಿ ಹೇಳೋಕಾಗಲ್ಲ. ಹೊಸದಾಗಿ ಓಟು ಹಾಕೋದು ಕಲ್ತ ದೇಶಗಳೇ ಜಾಸ್ತಿ ಜಗಳಕ್ಕೆ ಬೀಳ್ತಾವೆ ಅಂತಲೂ ಕೆಲವರು ಹೇಳ್ತಾರೆ."

ಅವಳು ಜಾಲರಿಯಿಂದ ಎಣ್ಣೆ ಬಸಿದಳು. "ಇನ್ನೂರು ಪುಟ ಬರೆದೆ ಅಂದ್ಯಲ್ಲ?"

"ಇನ್ನೂರ ಹದಿನಾಲ್ಕು."

"ಹಾಗಾದ್ರೆ ಈಗ ಇನ್ನೊಂದು ಪುಟ ಬರಿ. ಒಂದೇ ಮನೇಲಿ ಎರಡು ದೇಶ ಇದ್ರೆ ಏನಾಗುತ್ತೆ ಅಂತ."

ಮತಪತ್ರಕ್ಕೆ ಫೋಟೊ ತರಲು ಹೋದಾಗ ಪಾಕ್ದೆ ನನ್ನನ್ನು ಬಾವಿಕಟ್ಟೆಯ ಬಳಿಗೆ ಕರೆದುಕೊಂಡು ಹೋದರು. ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. ಅವರ ತಗ್ಗಿದ ದನಿ ಮಸೀದಿಯವರೆಗೆ ಕೇಳುತ್ತದೆ.

"ನಿನ್ನ ಬುದೆಗೆ ಒಂದು ಓಟೂ ಬೀಳ್ದೇ ಇದ್ರೆ? ಅಷ್ಟು ಜನರ ಮುಂದೆ ವೇದಿಕೆ ಮೇಲೆ ಕೂತು, ಹೆಸರಿನ ಮುಂದೆ ಸೊನ್ನೆ ಬರೆಸಿಕೊಳ್ಳೋದು ಅಂದ್ರೆ... ಅವಳು ಬಾಯಿಬಿಟ್ಟು ಏನೂ ಹೇಳಲ್ಲ. ಅದೇ ಭಯ."

"ಒಂದೆರಡು ಬೀಳ್ತಾವೆ ಪಾಕ್ದೆ."

"ನೀನು ಹಾಕ್ತೀಯಾ?"

"ಗುಪ್ತ ಮತದಾನ ಪಾಕ್ದೆ."

"ಅಂದ್ರೆ ಹಾಕಲ್ಲ ಅಂತಾಯ್ತು," ಎಂದು ನಿಟ್ಟುಸಿರು ಬಿಟ್ಟರು.

ಮತದಾನಕ್ಕೆ ಒಂದು ವಾರ ಮುಂಚೆ ಅಭ್ಯರ್ಥಿಗಳು ತಮ್ಮ ಧ್ಯೇಯವನ್ನು ಜನರ ಮುಂದೆ ಹೇಳಬೇಕು, ಆಮೇಲೆ ಸಮಿತಿಯಿಂದ ಊಟ. ಚಾವಡಿ ತುಂಬಿತ್ತು, ಪಡುವಣದವರು ಎಡಕ್ಕೆ, ಮೂಡಣದವರು ಬಲಕ್ಕೆ ತಾವಾಗಿಯೇ ಕೂತಿದ್ದರು. ಪಾಕ್ದೆ ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಕಾಲುವೆ, ರಸ್ತೆ, ಬೀದಿದೀಪ, ಶಾಂತಿ, ಮತ್ತೆ ಕಾಲುವೆ. ಶಾಂತಿಯ ಬಗ್ಗೆ ಹೇಳುವಾಗ ತಮ್ಮ ಮದುವೆಯ ಕತೆಯನ್ನೂ ಹೇಳಿದರು. ಆ ಕತೆಯಲ್ಲಿ ಬುದೆ ಒಂದು ಮಾತೂ ಆಡುವುದಿಲ್ಲ. ಕಟ್ಟಕಡೆಗೆ ಮೈಕನ್ನು ಹೆಂಡತಿಯ ಕೈಗೆ ಕೊಟ್ಟು, "ಇವಳಿಗೂ ಒಂದು ಅವಕಾಶ," ಎಂದು ಕೂತರು. 'ನಾನು ಹೇಳುವುದೆಲ್ಲ ಸರಿ ಅಂದುಬಿಡು, ಸಾಕು' ಎಂದು ಮನೆಯಲ್ಲಿ ಮೊದಲೇ ಕಲಿಸಿದ್ದರಂತೆ.

ಬುದೆ ಎದ್ದು ನಿಂತರು. ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದರು.

"ಇವರು ಹೇಳಿದ್ದೆಲ್ಲ ಸರಿ. ಅನ್ನ ತಣ್ಣಗಾಗಿದೆ."

ಕೂತುಬಿಟ್ಟರು.

ಹನ್ನೆರಡು ವರ್ಷ ಮುನ್ನೂರು ಮನೆಗಳು ನುಂಗಿಕೊಂಡಿದ್ದ ಮಾತನ್ನು ಒಬ್ಬರು ಹೊರಗೆ ತಂದು, ಏನೂ ಆಗಿಲ್ಲವೆಂಬಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಆಗ ಬಲಗಡೆಯಿಂದ, ಮೂಗಿನಲ್ಲಿ ತಡೆಹಿಡಿದ ಒಂದು ನಗು ಸಿಡಿಯಿತು. ಪೊನಿರಾನ್. ಎಡಗಡೆಯವರೆಲ್ಲ ಒಟ್ಟಿಗೆ ಕತ್ತು ತಿರುಗಿಸಿದರು. ನಗು ಅಲ್ಲೇ ಸತ್ತಿತು, ಆದರೆ ತಡವಾಗಿತ್ತು.

"ಮೂಡಣದವರು ನಕ್ಕರು," ಎಂಬ ಮಾತು ಸಂಜೆಯೊಳಗೆ ಪಡುವಣವನ್ನೆಲ್ಲ ಸುತ್ತಿತು. "ತಮ್ಮ ಮಗಳು ಮಾತಾಡಿದ್ದಕ್ಕೆ ಪಡುವಣದವರು ಗುರಾಯಿಸಿದರು," ಎಂಬುದು ಮೂಡಣವನ್ನು ಸುತ್ತಿತು. ಯಾರೂ ಬೈದಾಡಲಿಲ್ಲ. ನಮ್ಮಲ್ಲಿ ಯುದ್ಧ ಹಾಗೆ ಶುರುವಾಗುವುದಿಲ್ಲ. ಯು ಗಿನೆಮ್‌ಳ ಅಂಗಡಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು ಎರಡು ಬೆಂಚಿಗೆ ಹಂಚಿಹೋದರು. ಮೂಡಣದ ಮೈದಾನದಲ್ಲಿ ಯಾರೋ ಒಂದು ಹಳೆಯ ವಾಲಿಬಾಲ್ ಬಲೆಯನ್ನು ಬಿಸಿಲಿಗೆ ಹರವಿದ್ದರು. ಇದಾಗಿ ಮೂರನೆಯ ದಿನ ಪೊನಿರಾನ್ ಚಾವಡಿಗೆ ಬಂದು, ಜಾಗಟೆಯ ಕೋಲಿನ ಬಟ್ಟೆ ಸವೆದಿದೆ, ಹೊಸದು ಸುತ್ತಿಸಿ ತರುತ್ತೇನೆಂದು ಅದನ್ನು ತೆಗೆದುಕೊಂಡು ಹೋದ. ತರಲಿಲ್ಲ.

ಪಾಕ್ದೆ ಜಾಗಟೆಯ ಮುಂದೆ ನಿಂತು ಖಾಲಿ ಕೊಕ್ಕೆಯನ್ನು ನೋಡುತ್ತಿದ್ದುದನ್ನು ನಾನೇ ಕಂಡೆ. "ಕೋಲೆಲ್ಲಿ?" ಎಂದರು. ನಾನು ಹೇಳಿದೆ. ಅವರು ಏನೂ ಮಾತಾಡಲಿಲ್ಲ. ನನ್ನ ನೆನಪಿನಲ್ಲಿ ಅದು ಮೊದಲ ಸಲ.

ಮ್ಬಾ ವಿರ್ಯೊಗೆ ನಿದ್ದೆ ಬರಲಿಲ್ಲವಂತೆ. "ಹಳೇದೆಲ್ಲ ಹೀಗೇ ಶುರುವಾದದ್ದು," ಎಂದರು ನನಗೆ. "ಆಗ ನಾನು ನಲವತ್ತರವನು. ಬಡಿದಾಟ ಆಗಿದ್ರೆ ವಾಸಿ ಇತ್ತು, ಗಾಯ ಒಣಗ್ತಿತ್ತು. ಮಾತು ಬಿಟ್ಟರು ನೋಡು, ಅದು ಒಣಗೋದೇ ಇಲ್ಲ. ನನ್ನ ತಂಗಿಯನ್ನ ಮೂಡಣಕ್ಕೆ ಕೊಟ್ಟಿತ್ತು. ಅವಳು ಸತ್ತಾಗ ನಾನು ಬೇಲಿಯಾಚೆ ನಿಂತು ನೋಡಿದೆ."

ನಾನು ಒಂದು ಉಪಾಯ ಹೇಳಿದೆ: ಕೇರಿಗೊಂದರಂತೆ ಎರಡು ಮತಪೆಟ್ಟಿಗೆಗಳಿವೆಯಲ್ಲ, ಎರಡನ್ನೂ ಒಂದೇ ಚಾಪೆಯ ಮೇಲೆ ಸುರಿದು ಬೆರೆಸಿ ಎಣಿಸೋಣ. ಯಾವ ಕೇರಿ ಯಾರಿಗೆ ಹಾಕಿತೆಂದು ತಿಳಿಯುವುದೇ ಇಲ್ಲ.

ಮೇಲಿನ ಕಚೇರಿಯ ಅಧಿಕಾರಿ ಸುಗೆಂಗ್, ಮರ್ಯಾದೆಗೆ ಪಾಕ್ ಸುಗೆಂಗ್, ಒಪ್ಪಲಿಲ್ಲ. ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು, ಎಲ್ಲದಕ್ಕೂ ಕಡತ ತೆರೆಯುವ ಮನುಷ್ಯ. "ಬೆರೆಸೋ ಹಾಗಿಲ್ಲ. ಒಂದೊಂದು ಪೆಟ್ಟಿಗೆ ಬೇರೆ ಬೇರೆ, ಎಲ್ಲರ ಮುಂದೆ, ಗಟ್ಟಿಯಾಗಿ. ಪಾರದರ್ಶಕತೆ."

"ಪಾಕ್, ಕಾಣಿಸಿದ್ರೆ ಊರು ಒಡೆಯುತ್ತೆ."

"ಕಾಣಿಸಲಿ ಅಂತಲೇ ಮಾಡಿರೋ ನಿಯಮ," ಎಂದು ಕಡತ ಮುಚ್ಚಿದರು.

ಆ ಸುದ್ದಿ ಎರಡೂ ಕೇರಿಗೆ ಹೋಯಿತು. ಅದರ ಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಮನಸ್ಸಿನಲ್ಲೇ ಏನೋ ಒಂದನ್ನು ತೀರ್ಮಾನಿಸಿಕೊಂಡರು. ಏನೆಂದು ನನಗೆ ಆಗ ತಿಳಿಯಲಿಲ್ಲ.

ಮತದಾನದ ದಿನ ಅಭ್ಯರ್ಥಿಗಳು ಬೆಳಗ್ಗೆಯಿಂದ ಮುಗಿಯುವವರೆಗೆ ವೇದಿಕೆಯ ಮೇಲೆ ಕುಳಿತಿರಬೇಕು, ಬಂದವರಿಗೆಲ್ಲ ಕೈಮುಗಿಯಬೇಕು. ಪಾಕ್ದೆ ಕಪ್ಪು ನಿಲುವಂಗಿ, ತಲೆಗೆ ಬಾತಿಕ್ ರುಮಾಲು, ಬೆನ್ನಿಗೆ ಸಿಕ್ಕಿಸಿದ ಕಠಾರಿ. ಬುದೆ ಹಸಿರು ಕುಪ್ಪಸ, ತುರುಬಿಗೆ ಮಲ್ಲಿಗೆ. ಎರಡು ಕೆತ್ತನೆಯ ಕುರ್ಚಿಗಳನ್ನು ಮದುವೆಯ ಸಾಮಾನು ಬಾಡಿಗೆಗೆ ಕೊಡುವವನಿಂದ ತಂದದ್ದು. ಹಿಂದಿನ ಪರದೆಯೂ ಅವನದೇ. ಅದರ ಮೇಲಿದ್ದ 'ಹೊಸ ಬಾಳಿಗೆ ಶುಭವಾಗಲಿ' ಎಂಬುದನ್ನು ಮುಚ್ಚಲು ನಾವು ಒಂದು ತೆಂಗಿನ ಗರಿ ಕಟ್ಟಿದ್ದೆವು. ಗಾಳಿ ಬಂದಾಗಲೆಲ್ಲ ಅದು ಸರಿಯುತ್ತಿತ್ತು.

ಕಣ್ಣು ಮಂಜಾಗಿರುವ ಒಬ್ಬ ಮುದುಕಿ ಎರಡು ಕೆ.ಜಿ. ಸಕ್ಕರೆ ತಂದು ಬುದೆಯ ಮಡಿಲಿಗಿಟ್ಟು, "ಚೆನ್ನಾಗಿ ಬಾಳಿ," ಎಂದಳು. ಬುದೆ ಕೈಮುಗಿದು ತೆಗೆದುಕೊಂಡರು.

"ಉಡುಗೊರೆ ತಗೊಳ್ಳೋ ಹಾಗಿಲ್ಲ," ಎಂದರು ಪಾಕ್ ಸುಗೆಂಗ್.

"ನನಗಲ್ಲ ಪಾಕ್, ಮದುಮಗಳಿಗೆ," ಎಂದರು ಬುದೆ.

ಜನ ಸಾಲಿನಲ್ಲಿ ಬಂದರು. ಮರೆಯಲ್ಲಿ ಹಗ್ಗಕ್ಕೆ ಕಟ್ಟಿದ ಒಂದು ಮೊಳೆ, ಕೆಳಗೆ ಹಲಗೆ. ಬೇಕಾದವರ ಮುಖಕ್ಕೆ ಮೊಳೆಯಿಂದ ತೂತು ಮಾಡಿ, ಮಡಚಿ ಪೆಟ್ಟಿಗೆಗೆ ಹಾಕಿ, ಬೆರಳನ್ನು ಶಾಯಿಯಲ್ಲಿ ಅದ್ದಿಕೊಂಡು ಹೋಗಬೇಕು. ಹನ್ನೊಂದು ಗಂಟೆಗೆ ಅಭ್ಯರ್ಥಿಗಳೂ ಇಳಿದು ಬಂದು ಪಡುವಣದ ಪೆಟ್ಟಿಗೆಗೆ ತಮ್ಮ ಓಟು ಹಾಕಿದರು. ಪಾಕ್ದೆ ಮರೆಯಲ್ಲಿ ಬಹಳ ಹೊತ್ತು ನಿಂತರು. ಬುದೆ ಒಳಹೋದದ್ದೂ ಬಂದದ್ದೂ ಒಂದೇ. ನಾನೂ ಹಾಕಿದೆ. ನಮ್ಮ ಪೆಟ್ಟಿಗೆಯಲ್ಲಿ ಬುದೆಗೆ ಸೊನ್ನೆ ಬಂದರೆ ಮೂಡಣದವರು ಏನಂದುಕೊಂಡಾರು ಎಂಬ ಯೋಚನೆ ಬಂತು. ಒಂದು ಓಟಿನಿಂದ ಪಾಕ್ದೆಗೆ ಏನೂ ನಷ್ಟವಿಲ್ಲ. ಮೊಳೆಯನ್ನು ಬುದೆಯ ಫೋಟೊದ ಮೂಲೆಗೆ, ಮುಖಕ್ಕೆ ನೋವಾಗದಂತೆ ಒತ್ತಿದೆ.

ಎರಡು ಗಂಟೆಗೆ ಎಣಿಕೆ ಶುರುವಾಯಿತು. ಮೊದಲು ಪಡುವಣದ ಪೆಟ್ಟಿಗೆ. ಮ್ಬಾ ವಿರ್ಯೊ ಒಂದೊಂದೇ ಕಾಗದ ಬಿಡಿಸಿ, ಬೆಳಕಿಗೆ ಹಿಡಿದು, ತೂತು ತೋರಿಸಿ ಕೂಗುತ್ತಿದ್ದರು. ಒಂದು ಅಂದರೆ ಪಾಕ್ದೆ, ಎರಡು ಅಂದರೆ ಬುದೆ. "ಸಿಂಧು," ಎಂದು ಜನ ಒಪ್ಪಿಗೆ ಕೊಡಬೇಕು. ನಾನು ಹಲಗೆಯ ಮೇಲೆ ಗೀಟು ಹಾಕಬೇಕು.

"ಎರಡು."

"ಸಿಂಧು," ಎಂದರು ಜನ ಸಮಾಧಾನದಿಂದ. ಸೊನ್ನೆ ತಪ್ಪಿತು. ಪಾಕ್ದೆಯ ಮುಖದಲ್ಲಿ ನಿಜವಾದ ನೆಮ್ಮದಿ ಕಂಡೆ.

"ಎರಡು. ಎರಡು. ಒಂದು. ಎರಡು."

ಮೂವತ್ತನೆಯ ಎರಡಕ್ಕೆ "ಸಿಂಧು" ಎಂಬ ದನಿ ಸಣ್ಣದಾಯಿತು. ನೂರನೆಯದಕ್ಕೆ ಪಡುವಣದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖ. ಇನ್ನೂರಕ್ಕೆ ಯು ಗಿನೆಮ್ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ನನ್ನ ಕೈಯ ಸೀಮೆಸುಣ್ಣ ಮುರಿಯಿತು. ನಾನೊಬ್ಬಳೇ ಎಂದುಕೊಂಡಿದ್ದೆ. ಇಡೀ ಕೇರಿ ನಾನೊಬ್ಬನೇ, ನಾನೊಬ್ಬಳೇ ಎಂದುಕೊಂಡಿತ್ತು.

ಹನ್ನೊಂದು ಕಾಗದಗಳಲ್ಲಿ ಇಬ್ಬರ ಮುಖಕ್ಕೂ ತೂತಿತ್ತು. "ಗಂಡ ಹೆಂಡತೀನ ಬೇರೆ ಮಾಡೋಕೆ ಮನಸ್ಸು ಬಂದಿಲ್ಲ," ಎಂದು ಯಾರೋ ವಿವರಿಸಿದರು. ಪಾಕ್ ಸುಗೆಂಗ್ ಅವನ್ನು ಅಸಿಂಧು ಎಂದು ಪಕ್ಕಕ್ಕಿಟ್ಟರು.

ಪಡುವಣದ ಪೆಟ್ಟಿಗೆ ಮುಗಿದಾಗ ಪಾಕ್ದೆಗೆ ಐವತ್ತೇಳು, ಬುದೆಗೆ ಮುನ್ನೂರ ಅರವತ್ತೊಂದು. ಪಾಕ್ದೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ತೆಂಗಿನ ಗರಿ ಸರಿದು ಅವರ ತಲೆಯ ಮೇಲೆ 'ಶುಭವಾಗಲಿ' ಎಂಬುದಷ್ಟೇ ಕಾಣುತ್ತಿತ್ತು. ಇನ್ನು ಮೂಡಣದ ಪೆಟ್ಟಿಗೆ, ಬುದೆಯ ತವರಿನದು. ಅಲ್ಲಿಂದ ಎಲ್ಲ ಅವರಿಗೇ ಬಂದರೆ ಪಾಕ್ದೆಯ ಮಾನ ಮಣ್ಣುಪಾಲು, ಕೋಲು ಎಂದೂ ವಾಪಸು ಬರುವುದಿಲ್ಲ, ಮದುವೆಯ ಗತಿಯೇನೋ. ಮ್ಬಾ ವಿರ್ಯೊ ಒಂದು ಲೋಟ ನೀರು ಕುಡಿದರು.

"ಒಂದು."

ಯಾರೂ ಸಿಂಧು ಎನ್ನಲಿಲ್ಲ. ಮರೆತರು.

"ಒಂದು. ಒಂದು. ಒಂದು. ಎರಡು. ಒಂದು."

ಈಗ ಮುಖ ಮುಖ ನೋಡಿಕೊಳ್ಳುವ ಸರದಿ ಮೂಡಣದವರದು. ಪೊನಿರಾನ್ ಕೆಳಗೆ ನೋಡಿ ಕಾಲಿನ ಹೆಬ್ಬೆರಳಿಂದ ಮಣ್ಣು ಕೆರೆಯುತ್ತಿದ್ದ. ತಮ್ಮ ಪೆಟ್ಟಿಗೆಯಲ್ಲಿ ಮಗಳಿಗೆ ಓಟು ಕಂಡರೆ ಮತ್ತೆ ಮೂಡಣವೇ ಶುರು ಮಾಡಿತು ಎನ್ನುತ್ತಾರೆ. ಹೇಗೂ ಪಡುವಣದವರು ಭಾವನನ್ನೇ ಗೆಲ್ಲಿಸುತ್ತಾರೆ. ನಮ್ಮದೂ ಅಲ್ಲಿಗೇ ಇರಲಿ. ಅವನ ಮುಖದಲ್ಲಿ ಇಷ್ಟೂ ಬರೆದಿತ್ತು. ನಕ್ಕ ತಪ್ಪಿಗೆ ಅವನು ಮೊಳೆಯನ್ನು ಭಾವನ ಫೋಟೊಗೆ ಹಲಗೆಯವರೆಗೆ ಹೊಡೆದಿರಬೇಕು.

ಮೂಡಣದಲ್ಲಿ ಪಾಕ್ದೆಗೆ ಮುನ್ನೂರ ಐವತ್ತನಾಲ್ಕು, ಬುದೆಗೆ ಐವತ್ತೊಂದು. ನಾನು ಕೂಡಿದೆ. ತಪ್ಪಿರಬೇಕೆಂದು ಮತ್ತೆ ಕೂಡಿದೆ. ಪಾಕ್ ಸುಗೆಂಗ್ ತಮ್ಮ ಫೋನಿನಲ್ಲಿ ಕೂಡಿದರು.

ಒಂದನೇ ಅಭ್ಯರ್ಥಿ ನಾನೂರ ಹನ್ನೊಂದು. ಎರಡನೇ ಅಭ್ಯರ್ಥಿ ನಾನೂರ ಹನ್ನೆರಡು.

ಗೆದ್ದವರ ಪರ ಜೈಕಾರ ಹಾಕಲು ಊರಿಗೆ ಅಭ್ಯಾಸವಿರಲಿಲ್ಲ. ಎಂಟುನೂರು ಜನ ವೇದಿಕೆಯ ಮೇಲಿದ್ದ ಎರಡು ಕುರ್ಚಿಗಳನ್ನು ನೋಡುತ್ತ ನಿಂತರು. ಸೋತವರು ಫಲಿತಾಂಶದ ಹಾಳೆಗೆ ಸಹಿ ಹಾಕಬೇಕು. ಹಾಕದಿದ್ದರೆ ದೂರು, ಮರುಎಣಿಕೆ, ಪಡುವಣ, ಮೂಡಣ, ಎಲ್ಲವೂ ಮೊದಲಿನಿಂದ. ಹಾಳೆಯನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಬೇಕಾದವಳು ನಾನು.

ಪಾಕ್ದೆ ಪೆನ್ನು ಕೈಗೆ ತೆಗೆದುಕೊಂಡರು. ಬರೆಯಲಿಲ್ಲ. ಹೆಂಡತಿಯ ಕಡೆ ವಾಲಿದರು. ಅಷ್ಟು ಹತ್ತಿರ ನಿಂತಿದ್ದರಿಂದ ನನಗೂ ಕೇಳಿಸಿತು.

"ಬು, ನನ್ನ ಓಟು ನಿನಗೇ ಹಾಕಿದ್ದು."

"ಗೊತ್ತು," ಎಂದರು ಬುದೆ.

"ಸೊನ್ನೆ ಬರಬಾರ್ದು ಅಂತ. ನಾನೊಬ್ಬನಾದ್ರೂ ಇರಲಿ ಅಂತ." ಅವರು ಮನಸ್ಸಿನಲ್ಲೇ ಕಳೆದು ಕೂಡಿದರು. ತುಟಿ ಅಲ್ಲಾಡುವುದು ಕಾಣಿಸುತ್ತಿತ್ತು. "ನನಗೇ ಹಾಕ್ಕೊಂಡಿದ್ರೆ ನಾನು ಗೆಲ್ತಿದ್ದೆ."

"ಹೌದು, ಪಾಕ್."

"ನೀನು? ನೀನು ಯಾರಿಗೆ ಹಾಕ್ದೆ?"

ಬುದೆ ಸಕ್ಕರೆಯ ಪೊಟ್ಟಣವನ್ನು ಮಡಿಲಲ್ಲಿ ಸರಿಮಾಡಿ ಇಟ್ಟುಕೊಂಡರು. "ನಂಗೇ."

"ನಿನಗೇನಾ?"

"ನೀವು ಗೆದ್ದೇ ಗೆಲ್ತೀರಿ ಅಂತ ಊರೆಲ್ಲ ಹೇಳ್ತಿತ್ತಲ್ಲ. ಇಪ್ಪತ್ನಾಲ್ಕು ವರ್ಷ ಆಯ್ತು, ಎಲ್ಲದಕ್ಕೂ ನಿಮ್ಮದೇ ಮಾತು ಇರಲಿ ಅಂದೆ. ಒಂದು ತೂತು ನಂಗಿರಲಿ ಅಂದ್ಕೊಂಡೆ."

ಪಾಕ್ದೆ ಅವರನ್ನು ಬಹಳ ಹೊತ್ತು ನೋಡಿದರು. ಶಾಂತಿ ಒಪ್ಪಂದವನ್ನು ಮನೆಯಲ್ಲಿಟ್ಟುಕೊಂಡವರು ಅದನ್ನು ಪೂರ್ತಿ ಓದಿರುವುದಿಲ್ಲವೇನೋ. ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ನಗುತ್ತಿದ್ದರು, ಪೊನಿರಾನ್‌ನ ಹಾಗೆಯೇ, ಮೂಗಿನಿಂದ. ಬುದೆಯೂ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕೆಳಗಿದ್ದವರಿಗೆ ಏನೂ ಕೇಳಿಸಿರಲಿಲ್ಲ. ಆದರೂ ಅವರ ಮುಖಗಳು ಒಂದೊಂದಾಗಿ ಸಡಿಲವಾದವು.

ಪಾಕ್ದೆ ಸಹಿ ಹಾಕಿದರು. ಆಮೇಲೆ ಮೈಕಿಗೆ ಕೈ ಚಾಚಿದರು. ಎಂಟುನೂರು ಜನ ಒಟ್ಟಿಗೆ ನೆಲದ ಮೇಲೆ ಕೂತರು, ಅಭ್ಯಾಸಬಲ.

"ಸಹಿ ಹಾಕಿದೀನಿ," ಎಂದರು ಪಾಕ್ದೆ. "ಪೊನಿರಾನ್, ಕೋಲು ತಗೊಂಡು ಬಾ."

ಅಷ್ಟೇ. ಇನ್ನೂ ಇದೆಯೆಂದು ಜನ ಕಾಯುತ್ತಲೇ ಇದ್ದರು. ಪೊನಿರಾನ್ ಓಡಿಹೋಗಿ ಕೋಲು ತಂದು ಕೊಕ್ಕೆಗೆ ಸಿಕ್ಕಿಸಿದಾಗ ಮಾತು ನಿಜವಾಗಿಯೂ ಮುಗಿದಿದೆ ಎಂದು ಎಲ್ಲರಿಗೂ ಖಾತ್ರಿಯಾಯಿತು. ಕೋಲಿಗೆ ನಿಜವಾಗಿಯೂ ಹೊಸ ಬಟ್ಟೆ ಸುತ್ತಿಸಿದ್ದ, ಕೆಂಪು ಬಣ್ಣದ್ದು.

ಆ ವಾರವಿಡೀ ಪಡುವಣದವರು ಒಬ್ಬೊಬ್ಬರಾಗಿ ಪಾಕ್ದೆಯ ಮನೆಗೆ ಬಂದರು, ಬಾಳೆಗೊನೆಯೋ ಸೋಯಾಕಾಳಿನ ತೆಂಪೆಯೋ ಕೈಯಲ್ಲಿ ಹಿಡಿದು. ಎಲ್ಲರದೂ ಒಂದೇ ಮಾತು: "ಪಾಕ್, ಅವರಿಗೆ ಸೊನ್ನೆ ಬರಬಾರ್ದು ಅಂತ ನಾನೊಬ್ಬ ಹಾಕಿದ್ದು. ಉಳಿದವರು ಯಾಕೆ ಹಾಗೆ ಮಾಡಿದ್ರೋ ಗೊತ್ತಿಲ್ಲ." ಪಾಕ್ದೆ ಪ್ರತಿಯೊಬ್ಬರನ್ನೂ ನಂಬಿದರು, ಅಥವಾ 'ಆಯ್ತು' ಎಂದರು. ಮರ್ಯಾದೆಗೆ ಹಾಕಿದವರೆಷ್ಟು, ಬಿಸಿ ಅನ್ನಕ್ಕಾಗಿ ಹಾಕಿದವರೆಷ್ಟು ಎಂದು ನಾನು ಯು ಗಿನೆಮ್‌ಳನ್ನು ಕೇಳಿದೆ.

"ಗುಪ್ತ ಮತದಾನ," ಎಂದಳು ಅವಳು.

ಬುದೆ ಪ್ರಮಾಣ ತೆಗೆದುಕೊಂಡ ದಿನ ಚಾವಡಿಯಲ್ಲಿ ಕಂದೂರಿ. ಎಡ ಬಲ ಯಾರು ಎಲ್ಲಿ ಕೂತಿದ್ದರೆಂದು ನಾನು ನೋಡಿಕೊಳ್ಳಲಿಲ್ಲ, ನೋಡುವಂಥದ್ದೇನೂ ಇರಲಿಲ್ಲ. ಲುರಾ ಆಗಿ ಬುದೆ ತಮ್ಮ ಮೊದಲ ಆಜ್ಞೆಯನ್ನು ನನ್ನ ಕೈಯಲ್ಲೇ ಬರೆಸಿದ್ದರು: ಊಟದ ಮುಂದೆ ಯಾರೇ ಮಾತಾಡಲಿ, ಮೂರು ನಿಮಿಷ, ಮೀರಿದರೆ ಜಾಗಟೆ. ಜಾಗಟೆ ಬಾರಿಸುವ ಕೆಲಸ ಪಾಕ್ದೆಯದು. ಮೊದಲು ಅವರು ಮುಖ ಊದಿಸಿಕೊಂಡಿದ್ದರು. ಆದರೆ ಎಲ್ಲರಿಗಿಂತ ಎತ್ತರದ ಪೀಠ, ಕೈಗೆ ಗಡಿಯಾರ, ಕೆಂಪು ಬಟ್ಟೆಯ ಕೋಲು, ಮುಂದೆ ತಮ್ಮನ್ನೇ ನೋಡುವ ಇಡೀ ಊರು. ಒಂದು ಮಾತೂ ಆಡದೆ ಇಷ್ಟೆಲ್ಲ ಸಿಗುತ್ತದೆಂದು ಅವರಿಗೆ ಈ ವಯಸ್ಸಿನಲ್ಲಿ ತಿಳಿಯಿತು.

ಅನ್ನದ ಗೋಪುರ ಹಬೆಯಾಡುತ್ತ ಬಂತು. ಮುಖ್ಯ ಅತಿಥಿ ಪಾಕ್ ಸುಗೆಂಗ್ ಎದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಡತ, ಕಡತದಲ್ಲಿ ಭಾಷಣ. ಮೇಲಿನ ಕಚೇರಿಯ ಪರವಾಗಿ ವಂದಿಸಿದರು. ನಮ್ಮ ಚುನಾವಣೆ ಸುತ್ತಮುತ್ತಲಿಗೆಲ್ಲ ಮಾದರಿ ಎಂದರು. ಪುಟ ತಿರುವಿದರು. ಒಂದು ಕೈ ಎತ್ತಿ, ನನ್ನ ಕಡೆಗೇ ನೋಡಿ, ದನಿ ಏರಿಸಿದರು.

"ಪ್ರಪಂಚದ ದೊಡ್ಡ ದೊಡ್ಡ ವಿದ್ವಾಂಸರು ಕೇಳ್ತಾ ಇದ್ದಾರೆ. ಪ್ರಜಾಪ್ರಭುತ್ವಕ್ಕೂ ಶಾಂತಿಗೂ ಇರೋ ಸಂಬಂಧ ಏನು? ಬಂಧುಗಳೇ, ಅದರ ಉತ್ತರ ನಿಮ್ಮ ಊರಲ್ಲಿದೆ. ಆ ಸಂಬಂಧ ಏನು ಅಂದ್ರೆ..."

ನಾನು ಪೆನ್ನು ತೆಗೆದೆ. ಪಾಕ್ದೆ ಗಡಿಯಾರ ನೋಡಿದರು. ಆಮೇಲೆ ಬುದೆಯನ್ನು ನೋಡಿದರು. ಬುದೆ ಅನ್ನವನ್ನು ನೋಡುತ್ತಿದ್ದರು.

ಪಾಕ್ದೆ ಬಾರಿಸಿದರು.

ದೊಡ್ಡ ಜಾಗಟೆಯ ದನಿ ಚಾವಡಿಯನ್ನು ತುಂಬಿ, ಅಂಗಳ ದಾಟಿ, ಪಡುವಣಕ್ಕೂ ಮೂಡಣಕ್ಕೂ ಹೋಯಿತು. ಪಾಕ್ ಸುಗೆಂಗ್ ಬಾಯಿ ಮುಚ್ಚಿ ಚಾಪೆಯ ಮೇಲೆ ಕೂತರು. ಮ್ಬಾ ವಿರ್ಯೊ ಗೋಪುರದ ತುದಿ ಮುರಿದು ಬುದೆಯ ಎಲೆಗೆ ಹಾಕಿದರು, ಆಮೇಲೆ ಬೆರಳುಗಳಿಗೆ ಊದಿಕೊಂಡರು.

ಅನ್ನ ಸುಡುತ್ತಿತ್ತು.